ಕಾಂಗ್ರೆಸ್ ಗಿಡ ಕಿತ್ತು ಜುಲುಲ್ಯಾಂಡ್ ಸುತ್ತಿದ್ದು

ಆಫ್ರಿಕಾದ ಒಂದು ಮೀಸಲು ಕಾಡಿನಲ್ಲಿ ಸುಮಾರು ಒಂದು ತಿಂಗಳು ಸ್ವಯಂಸೇವಕನಾಗಿ ಇದ್ದು ಬಂದೆ. ವಿಮಾನ, ವೀಸಾ, ಊಟ, ಸುತ್ತಾಟ ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಆಸುಪಾಸು ಆಯ್ತು. ಏಜೆಂಟರು ಟಿಕೆಟ್ ಬಿಟ್ಟು ಬರೀ ಎರಡು ವಾರಕ್ಕೆ ಎರಡು ಲಕ್ಷ ಕೇಳಿದ್ದರು.

ಕಳೆ ಕೀಳೋ ಕೆಲಸ ಕೇಳಿಕೊಂಡು ಕಾಡಿಗೆ ಹೋಗೋ ನನ್ನ ಉಪಾಯ ಕೇಳಿ ಗೆಳೆಯರೆಲ್ಲ ನಕ್ಕರು. "ಅಲ್ಲೋ ಮಾರಾಯ, ಕಾಂಗ್ರೆಸ್ ಗಿಡ ಕೀಳೋಕೆ ಆಫ್ರಿಕಾಕ್ಕೆ ಹೋಗ್ಬೇಕಾ? ನಮ್ಮ ಹೊಲಕ್ಕೆ ಬಾ, ಊಟನೂ ಹಾಕ್ತೀವಿ" ಅಂದರು.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಸ್ವಯಂಸೇವಕನಾಗಿ ಬರ್ತೀನಿ ಅಂತ ಮೀಸಲುಗಳಿಗೆ ಪತ್ರ ಬರೆದಿದ್ದೆ. ವನ್ಯಜೀವಿ ಅಂದರೆ ಪ್ರಾಣ, ಸಿಂಹ, ಖಡ್ಗಮೃಗ, ಅದೇ ರಾಗ. ಇಪ್ಪತ್ತು ಇಪ್ಪತ್ತೈದು ಕಡೆ ಕಳಿಸಿದರೆ ಬಂದದ್ದು ಎರಡೋ ಮೂರೋ ಉತ್ತರ, ಎಲ್ಲದರಲ್ಲೂ ಬೆಲೆಪಟ್ಟಿ. ಆಮೇಲೆ ಒಬ್ಬ ಏಜೆಂಟ್ ಮುಂಗಡ ತಗೊಂಡು ದಿನಾಂಕ ಮುಂದೂಡುತ್ತಲೇ ಹೋದ. ಮೂವತ್ತು ಸಾವಿರದಲ್ಲಿ ಅರ್ಧ ವಾಪಸ್ ಬಂತು.

ಆಗ ಹೊಳೆದದ್ದು ಕಳೆ. ಜುಲುಲ್ಯಾಂಡ್ ಇರೋ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲೂ ನಮ್ಮ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ವಿಪರೀತ ಇದೆ. 1984ರ ಡೊಮೊಯಿನಾ ಚಂಡಮಾರುತದ ನೆರೆ ಆದಮೇಲೆ ಅಲ್ಲಿ ಜಾಸ್ತಿ ಹರಡಿತು ಅಂತಾರೆ. ಅದು ಬಂದ ಕಡೆ ಹುಲ್ಲು ಹೋಗುತ್ತೆ, ಹುಲ್ಲು ಹೋದರೆ ಜಿಂಕೆ ಜಾತಿಗಳಿಗೆ ಮೇವಿಲ್ಲ. ಕೀಳಬೇಕಾದದ್ದು ಮಳೆ ಬಿದ್ದಮೇಲೆ, ಹೂ ಬರೋ ಮುಂಚೆ. ಅಲ್ಲಿ ಮಳೆಗಾಲ ಅಂದರೆ ನವೆಂಬರ್‌ನಿಂದ ಶುರು. ಹುಲ್ಲು ಎದೆಮಟ್ಟ ಬೆಳೆದು ಪ್ರಾಣಿ ಕಾಣಲ್ಲ, ಸೆಕೆ, ಮಲೇರಿಯಾ ಭಯ ಬೇರೆ. ದುಡ್ಡು ಕೊಡೋ ಸ್ವಯಂಸೇವಕರು ಆಗ ಬರೋದು ಕಡಿಮೆ. ಅಂದರೆ ಕೆಲಸ ಜಾಸ್ತಿ ಇರುವಾಗಲೇ ಕೈ ಕಡಿಮೆ. ನಾನು ಆ ಜಾಗಕ್ಕೇ ಕೈ ಹಾಕಿದೆ.

ಅಲ್ಲಿನ ಹ್ಲುಹ್ಲುವೆ ಊರಿನ ಕಡೆಯ ಖಾಸಗಿ ಮೀಸಲುಗಳಿಗೆ ಹೊಸ ಪತ್ರ ಬರೆದೆ. ಹೊಲದಲ್ಲಿ ಬೆಳೆದವನು, ಈ ಗಿಡ ನನಗೆ ಗೊತ್ತು, ಮೈಗೆ ಅಲರ್ಜಿ ಇಲ್ಲ, ದಿನಕ್ಕೆ ಐದು ಗಂಟೆ ಕೀಳ್ತೀನಿ ಅಂತ. ಕೊನೆಗೆ ಎರಡು ಸಾಲು ಸೇರಿಸಿದ್ದೆ. ಆ ಎರಡು ಸಾಲು ಇಲ್ಲಿ ಹೇಳಲ್ಲ, ಇನ್ನೊಂದು ಸಲ ನನಗೇ ಬೇಕು. ವಾರದೊಳಗೆ ನಾಲ್ಕು ಕಡೆಯಿಂದ ಉತ್ತರ ಬಂತು. ಒಪ್ಪಿಕೊಂಡ ಕಡೆ ಊಟ, ವಸತಿ ಸೇರಿ ನಾನು ಕೊಡಬೇಕಾದದ್ದು ತಿಂಗಳಿಗೆ 12,000 ರ‍್ಯಾಂಡ್. ಆಗ ರ‍್ಯಾಂಡಿಗೆ ನಾಲ್ಕೂವರೆ ರೂಪಾಯಿ, ಲೆಕ್ಕ ಹಾಕಿಕೊಳ್ಳಿ.

ಟಿಕೆಟ್ ಕೊಲ್ಲಿ ದೇಶಗಳ ಮೂಲಕ ಡರ್ಬನ್‌ಗೆ, ಹೋಗಿ ಬರೋಕೆ ಆಗ ಸುಮಾರು 68,000 ಆಯ್ತು. ಅಡಿಸ್ ಅಬಾಬಾ, ನೈರೋಬಿ ದಾರಿ ಕೆಲವೊಮ್ಮೆ ಅಗ್ಗ ಸಿಗುತ್ತೆ. ಆದರೆ ಆ ದಾರೀಲಿ ಬಂದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಬೇಕು. ಅದಿಲ್ಲದೆ ವಾಪಸ್ ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಲಸಿಕೆ ಲೆಕ್ಕಕ್ಕೆ ಬರೋದು ಹತ್ತು ದಿನ ಆದಮೇಲೆ. ವೀಸಾ ಅರ್ಜಿಯಲ್ಲಿ ಸ್ವಯಂಸೇವೆ ಅಂತಲೇ ಬರೆದು ಮೀಸಲಿನವರ ಪತ್ರ ಲಗತ್ತಿಸಿ. ಪ್ರವಾಸ ಅಂತ ಸುಳ್ಳು ಬರೀಬೇಡಿ.

ಕೆಲಸ ಬೆಳಗಿನ ಜಾವವೇ ಶುರು. ನೆಲ ಒದ್ದೆ ಇದ್ದಾಗ ಬೇರು ಸಮೇತ ಬರುತ್ತೆ, ಒಣಗಿದರೆ ಕುತ್ತಿಗೆಗೆ ಮುರಿದು ಮತ್ತೆ ಚಿಗುರುತ್ತೆ. ನಿಮಗೆ ಗೊತ್ತಿರೋದೇ. ಅಲ್ಲಿನವರು ಹೂ ಬಿಟ್ಟದ್ದನ್ನೂ ಕಿತ್ತು ಅಲ್ಲೇ ಗುಡ್ಡೆ ಹಾಕ್ತಿದ್ದರು. ಒಂದೊಂದು ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸುತ್ತೆ, ಗುಡ್ಡೆ ಹಾಕಿದರೆ ಬಿತ್ತಿದ ಹಾಗೇ ಅಲ್ವಾ? ಚೀಲಕ್ಕೆ ತುಂಬಿ ಸುಡೋಣ ಅಂದೆ. ಎರಡನೇ ವಾರಕ್ಕೆ ಕಳೆ ತಂಡಕ್ಕೆ ನಾನೇ ಮೇಸ್ತ್ರಿ.

ಮಧ್ಯೆ ನಮ್ಮೂರ ಪ್ರಯೋಗಗಳನ್ನೂ ಮಾಡಿದೆ. ಹತ್ತು ಲೀಟರಿಗೆ ಎರಡು ಕೆಜಿ ಉಪ್ಪು ಕಲಸಿ ವರ್ಕ್‌ಶಾಪ್ ಹಿಂದೆ ಒಂದು ತುಂಡು ಜಾಗಕ್ಕೆ ಹೊಡೆದೆ. ಎಲೆ ಸುಟ್ಟಿತು, ಸರಿ. ಮಾರನೇ ದಿನ ನ್ಯಾಲಾ ಅನ್ನೋ ಜಿಂಕೆಯಂಥ ಪ್ರಾಣಿಗಳ ಗುಂಪು ಬಂದು ನೆಲ ನೆಕ್ಕುತ್ತಾ ನಿಂತಿತ್ತು. ಮ್ಯಾನೇಜರ್ ಉಪ್ಪಿನ ಚೀಲ ಕಿತ್ತುಕೊಂಡ. ತಗಚೆ ಬಿತ್ತಿ ಕಾಂಗ್ರೆಸ್ ಹತ್ತಿಕ್ಕೋಣ ಅಂದರೆ, ಅದೂ ಹೊರಗಿನ ಗಿಡ, ಬೇಡ ಅಂದರು. ನ್ಯಾಯವೇ. ಕಾಂಗ್ರೆಸ್ ಗಿಡದ ಎಲೆ ತಿನ್ನೋ ಮೆಕ್ಸಿಕನ್ ದುಂಬಿ ಮಾತ್ರ ಅಲ್ಲೂ ಇದೆ. ನಮ್ಮ ಬೆಂಗಳೂರಲ್ಲಿ 1984ರಲ್ಲೇ ಬಿಟ್ಟಿದ್ದು, ಅವರು ಬಿಟ್ಟಿದ್ದು 2013ರಲ್ಲಿ. ನಾನಿದ್ದ ಕಡೆ ಎಷ್ಟು ಹುಡುಕಿದರೂ ಒಂದೂ ಕಾಣಲಿಲ್ಲ.

ಪ್ರಾಣಿ ನೋಡಿದ್ಯಾ ಅಂತ ಕೇಳ್ತೀರಿ. ನೋಡದೇ ಏನು! ಸ್ವಯಂಸೇವಕರು ಕಡಿಮೆ ಇದ್ದಿದ್ದರಿಂದ ಕಾಡುನಾಯಿ ಹುಡುಕೋ ಜೀಪಿನಲ್ಲಿ ಜಾಗ ಸುಮ್ನೆ ಸಿಗ್ತಿತ್ತು. ಕುತ್ತಿಗೆಗೆ ರೇಡಿಯೊ ಕಾಲರ್ ಹಾಕಿದ ನಾಯಿಯ ಸಿಗ್ನಲ್ಲನ್ನು ಆಂಟೆನಾ ಹಿಡಿದು ಹುಡುಕೋದು. ಗುಡ್ಡಕ್ಕೆ ಬಡಿದು ಸಿಗ್ನಲ್ ತಪ್ಪು ದಿಕ್ಕಿಗೆ ಎಳೆಯುತ್ತೆ. ಅದಕ್ಕೆ ಬೇರೆ ಬೇರೆ ಎತ್ತರದಿಂದ ಹಿಡಿದು ನೋಡಬೇಕು. ಒಂದು ನಾಯಿಯ ಮಚ್ಚೆ ಇನ್ನೊಂದಕ್ಕಿಲ್ಲ, ಫೋಟೋ ಇಟ್ಟುಕೊಂಡು ಗುರುತಿಸಬಹುದು. ಬೇಲಿಯೊಳಗೆ ಸಣ್ಣ ಜಾಗ ಆದ್ದರಿಂದ ಬೆಳೆದ ನಾಯಿಗಳನ್ನು ಒಂದು ಮೀಸಲಿನಿಂದ ಇನ್ನೊಂದಕ್ಕೆ ಮನುಷ್ಯರೇ ಸಾಗಿಸ್ತಾರೆ.

ಊಟ ಸಸ್ಯಾಹಾರಿಗಳಿಗೆ ಕಷ್ಟ ಅಂತ ಹೆದರಿಸಿದ್ದರು. ಅಲ್ಲಿನ ಪಾಪ್ ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಬೇಳೆ, ಸಾಸಿವೆ, ಮೆಣಸಿನಪುಡಿ ಡರ್ಬನ್‌ನಲ್ಲೇ ಕಟ್ಟಿಸಿಕೊಂಡಿದ್ದೆ. 1860ರಿಂದ ಭಾರತದ ಕೂಲಿಯವರು ಹೋಗಿ ನೆಲೆಸಿದ ಊರದು, ಮಸಾಲೆಗೆ ಬರವಿಲ್ಲ. ಸಾರು ಮುದ್ದೆ ಮಾಡಿ ಜುಲು ಗಾರ್ಡ್‌ಗಳಿಗೂ ಬಡಿಸಿದೆ. ಹುಣಸೆ ಜಾಸ್ತಿ ಆಯ್ತು ಅಂದರು.

ವಾರದ ರಜೆಯಲ್ಲಿ ಮೂರು ಜನ ಸೇರಿ ಸಣ್ಣ ಕಾರು ಬಾಡಿಗೆಗೆ ತಗೊಂಡೆವು. ನಮ್ಮ ಹಾಗೇ ಎಡಗಡೆ ಓಡಿಸೋದು, ತೊಂದರೆ ಇಲ್ಲ. ಹ್ಲುಹ್ಲುವೆ-ಇಂಫೊಲೊಜಿ ಬಿಡಬೇಡಿ. 1895ರಲ್ಲಿ ಘೋಷಿಸಿದ ಕಾಡು. ದಕ್ಷಿಣ ತಳಿಯ ಬಿಳಿ ಖಡ್ಗಮೃಗ ಉಳಿದದ್ದೇ ಅಲ್ಲಿಂದ, 1960ರ ದಶಕದಲ್ಲಿ ಅಲ್ಲಿಂದಲೇ ಹಿಡಿದು ಬೇರೆ ಕಡೆಗೆ ಸಾಗಿಸಿದ್ದು. ಸೇಂಟ್ ಲೂಸಿಯಾ ಊರಲ್ಲಿ ರಾತ್ರಿ ನೀರಾನೆಗಳು ಬೀದಿಯಲ್ಲೇ ಮೇಯ್ತವೆ, ಊಟ ಮುಗಿಸಿ ನಡೆದು ಬರ್ತೀನಿ ಅನ್ನಬೇಡಿ. ಮಳೆಗಾಲಕ್ಕೆ ಹೋದವರಿಗೆ ಇನ್ನೊಂದು ಲಾಭ ಇದೆ. ನವೆಂಬರ್‌ನಿಂದ ಜನವರಿವರೆಗೆ ಆ ಕರಾವಳಿಗೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ, ಪರವಾನಗಿ ಇದ್ದವರ ಜೊತೆ ರಾತ್ರಿ ಹೋಗಿ ನೋಡಬಹುದು. ನನಗೆ ಮೊದಲ ರಾತ್ರಿ ದುಡ್ಡು ಹೋಯ್ತು, ಆಮೆ ಬರಲಿಲ್ಲ. ಎರಡನೇ ಸಲ ಸಿಕ್ಕಿತು.

ಅದೇ ಕರಾವಳಿಯ ಕೋಸಿ ಕೊಲ್ಲಿಯಲ್ಲಿ ಟೆಂಬೆ-ತ್ಸೊಂಗಾ ಜನ ಕೋಲು ನೆಟ್ಟು ಕಟ್ಟಿದ ಮೀನುಬೇಲಿಗಳನ್ನು ನೋಡಲೇಬೇಕು. ಆದರೆ ಕೊಲ್ಲಿಯ ಬಾಯಿಗೆ ಹೋಗೋ ದಾರಿ ಬರೀ ಮರಳು, ಸಣ್ಣ ಕಾರು ಹೋಗಲ್ಲ. ಫೋರ್ ಬೈ ಫೋರ್ ಗಾಡಿಗೆ ಬಾಡಿಗೆ ಎರಡರಷ್ಟಾಗುತ್ತೆ, ನಾಲ್ಕು ಜನ ಸಿಕ್ಕಿದರೆ ಮಾತ್ರ ಹೊರಡಿ.