ಅಧಿಕಾರದಲ್ಲಿದ್ದ ಅಧ್ಯಕ್ಷರು ತೀರಿಕೊಂಡ ಸುದ್ದಿ: ನೋಟ್ಸ್ ಬರೆಯುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ನನ್ನ ಕ್ಲಾಸಿಗೆ ಬರುವ ಕೆಎಎಸ್ ಹುಡುಗರ ನೋಟ್ಸ್‌ನಲ್ಲಿ ತಾಂಜಾನಿಯಾದ ಅಧ್ಯಕ್ಷ ಜಾನ್ ಮಾಗುಫುಲಿ ತೀರಿಕೊಂಡ ಸುದ್ದಿ ಒಂದೇ ಸಾಲಿಗೆ ಮುಗಿದಿರುತ್ತದೆ: ‘ಮಾಗುಫುಲಿ ನಿಧನ, 17 ಮಾರ್ಚ್ 2021’. ಮುಖ್ಯ ಪರೀಕ್ಷೆಗೆ ಇದು ಏನೂ ಸಾಲದು. ಇಂಥ ಸುದ್ದಿಗೆ ಎರಡು ಪುಟ ಬಿಡಿ.

ಮೊದಲ ಪುಟ ಅಧಿಕಾರದ್ದು. ಸಾವಿನ ತಾರೀಕಿನ ಪಕ್ಕದಲ್ಲೇ ಪ್ರಮಾಣವಚನದ ತಾರೀಕು ಬರೆಯಿರಿ. ಟಿವಿಯಲ್ಲಿ ಸುದ್ದಿ ತಿಳಿಸಿದವರು ಉಪಾಧ್ಯಕ್ಷೆ ಸಮಿಯಾ ಸುಲುಹು ಹಸನ್. 19ಕ್ಕೆ ಅವರೇ ಅಧ್ಯಕ್ಷರಾದರು. ಅಲ್ಲಿನ ಸಂವಿಧಾನದ 37ನೇ ವಿಧಿ ಉಳಿದ ಅವಧಿಯನ್ನೆಲ್ಲ ಉಪಾಧ್ಯಕ್ಷರಿಗೇ ಕೊಡುತ್ತದೆ. ಹಾಗಾಗಿ ಚುನಾವಣೆ ನಡೆಯಲಿಲ್ಲ.

ಅದರ ಕೆಳಗೆ ಜಾಂಬಿಯಾ ಬರೆಯಿರಿ. 2014ರ ಅಕ್ಟೋಬರ್ 28ರಂದು ಅಲ್ಲಿನ ಅಧ್ಯಕ್ಷ ಮೈಕೆಲ್ ಸಾಟಾ ಲಂಡನ್ನಿನಲ್ಲಿ ತೀರಿಕೊಂಡರು. ಉಪಾಧ್ಯಕ್ಷ ಗೈ ಸ್ಕಾಟ್ ಹಂಗಾಮಿ ಅಧ್ಯಕ್ಷರಾದರು ಅಷ್ಟೇ. 90 ದಿನದೊಳಗೆ ಚುನಾವಣೆ ಆಗಬೇಕಿತ್ತು, 2015ರ ಜನವರಿಯಲ್ಲಿ ಆಯಿತು.

ಈಗ ನಮ್ಮ ದೇಶ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿಯಾಗಿ ಕೂತವರು ಉಪರಾಷ್ಟ್ರಪತಿ ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ನಮ್ಮ ಕಡೆಯವರೇ. ಇದನ್ನು ನಮ್ಮ ಹುಡುಗರು ಮರೆತರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಮ್ಮಲ್ಲಿ ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ಉಪರಾಷ್ಟ್ರಪತಿ ತಾನಾಗಿಯೇ ರಾಷ್ಟ್ರಪತಿ ಆಗುವುದಿಲ್ಲ. ಮೂರು ದೇಶ, ಮೂರು ದಾರಿ. ಪ್ರಶ್ನೆ ಬರುವುದು ಇಲ್ಲೇ.

ಎರಡನೇ ಪುಟದಲ್ಲಿ ತಾಂಜಾನಿಯಾದ ಮ್ಯಾಪ್ ಬಿಡಿಸಿ. ಪಾರ್ಥಿವ ಶರೀರ ಹೋದ ಊರುಗಳಿಗೆ ಬಾಣದ ಗುರುತು ಹಾಕುತ್ತಾ ಹೋಗಿ: ದಾರ್ ಎಸ್ ಸಲಾಮ್, ಡೊಡೊಮಾ, ಜಾಂಜಿಬಾರ್, ಮ್ವಾಂಜಾ, ಕೊನೆಗೆ ಹುಟ್ಟೂರು ಚಾಟೊ. ಮಾರ್ಚ್ 26ಕ್ಕೆ ಅಲ್ಲಿ ಮಣ್ಣು ಮಾಡಿದರು. ರಾಜಧಾನಿ ಯಾವುದು, ದೊಡ್ಡ ಬಂದರು ಯಾವುದು, ಅರೆಸ್ವಾಯತ್ತ ದ್ವೀಪ ಯಾವುದು, ವಿಕ್ಟೋರಿಯಾ ಸರೋವರ ಎಲ್ಲಿದೆ, ಎಲ್ಲ ಇದೊಂದೇ ಚಿತ್ರದಲ್ಲಿ ನೆನಪಿರುತ್ತದೆ. ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಡೊಡೊಮಾದ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ. ಅಲ್ಲಿ ಕೆನ್ಯಾದ ಅಧ್ಯಕ್ಷ ಉಹುರು ಕೆನ್ಯಾಟಾ ಮಾತಾಡುತ್ತಿದ್ದಾಗ ಆಜಾನ್ ಕೇಳಿಸಿತು. ಅವರು ಮಾತು ನಿಲ್ಲಿಸಿದರು, ಅದು ಮುಗಿದ ಮೇಲೆ ಮುಂದುವರಿಸಿದರು. ಪ್ರಬಂಧಕ್ಕೆ ಇಂಥ ಉದಾಹರಣೆ ಹುಡುಕಿದರೂ ಸಿಗುವುದಿಲ್ಲ.

ದಾರ್ ಎಸ್ ಸಲಾಮ್ ಪಕ್ಕದಲ್ಲಿ 45 ಎಂದು ದೊಡ್ಡದಾಗಿ ಬರೆಯಿರಿ. ಮಾರ್ಚ್ 21ರಂದು ಉಹುರು ಸ್ಟೇಡಿಯಂನಲ್ಲಿ ಅಂತಿಮ ದರ್ಶನಕ್ಕೆ ಬಂದವರಲ್ಲಿ 45 ಜನ ನೂಕುನುಗ್ಗಲಿಗೆ ಸಿಕ್ಕಿ ಸತ್ತರು. ಅಧ್ಯಕ್ಷರ ಸಾವಿನ ನೋಟ್ಸ್‌ನಲ್ಲಿ ಈ ಜನರಿಗೂ ಜಾಗ ಇರಲೇಬೇಕು. ನೀವು ನಾಳೆ ಅಧಿಕಾರಿ ಆಗುವವರು ಅಲ್ವಾ? ಬಂದೋಬಸ್ತ್ ನೋಡಿಕೊಳ್ಳುವವರು ನೀವೇ. ವಿಪತ್ತು ನಿರ್ವಹಣೆಯ ಉತ್ತರಕ್ಕೂ ಇದನ್ನು ಬಳಸಿ.

ಇನ್ನು ಘಾನಾ ನಿಮ್ಮ ಪಾಲಿಗೆ. ಅಲ್ಲಿನ ಅಧ್ಯಕ್ಷ ಜಾನ್ ಅಟ್ಟಾ ಮಿಲ್ಸ್ ತೀರಿಕೊಂಡಿದ್ದು 2012ರ ಜುಲೈ 24ರಂದು. ಉಪಾಧ್ಯಕ್ಷ ಮಹಾಮಾ ಅದೇ ದಿನ ಪ್ರಮಾಣವಚನ ತೆಗೆದುಕೊಂಡರು. ಉಳಿದದ್ದನ್ನು ನೀವೇ ಹುಡುಕಿ ಎರಡು ಪುಟ ತುಂಬಿಸಿಕೊಂಡು ಬನ್ನಿ.