ಬಿಳಿ ಚುಕ್ಕಿಯ ಕರಿ ಹುಳ: ಜಿರಳೆನಾ, ದುಂಬಿನಾ?

ಮಳೆ ಶುರುವಾದ ಮೇಲೆ ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಬಿಳಿ ಚುಕ್ಕಿಯ ದೊಡ್ಡ ಕರಿ ಹುಳ ಓಡಾಡುವುದನ್ನು ನೋಡಿರುತ್ತೀರಿ. ಸುಮಾರು 4 ಸೆಂ.ಮೀ. ಉದ್ದ. ಇದು ಆರು ಚುಕ್ಕಿಯ ನೆಲದ ದುಂಬಿ, ಅಂದರೆ ಗ್ರೌಂಡ್ ಬೀಟಲ್.

ಮೊದಲು ಚುಕ್ಕಿ ಎಣಿಸಿ. ಕತ್ತಿನ ಹಿಂದಿನ ಭಾಗದಲ್ಲಿ 2, ಬೆನ್ನಿನ ಮೇಲೆ 4. ಆಮೇಲೆ ಬೆನ್ನು ನೋಡಿ. ನಟ್ಟನಡುವೆ ಹೊಲಿಗೆ ಹಾಕಿದ ಹಾಗೆ ಒಂದು ನೇರ ಗೆರೆ ಇರುತ್ತದೆ. ಅದು ಎರಡು ಗಟ್ಟಿ ರೆಕ್ಕೆಗಳು ಸೇರುವ ಜಾಗ. ಸೊಂಟ ಸಣ್ಣ, ಕಾಲು ಉದ್ದ, ತಲೆಯ ಮುಂದೆ ಚಿಮಟದಂತಹ ದವಡೆ. ಹಾರಲು ಬರುವುದಿಲ್ಲ, ಆದರೆ ಓಟ ನೋಡಬೇಕು!

ಜಾಸ್ತಿ ಜನ ಎಡವುವುದು ಡಾಮಿನೊ ಜಿರಳೆಯ ಹತ್ತಿರ. ಅದಕ್ಕೂ ಕಪ್ಪು ಮೈ, ಬಿಳಿ ಚುಕ್ಕಿ. ಆದರೆ ಅದು ಚಿಕ್ಕದು, ದುಂಡಗಿದೆ. ಒಂದು ರೆಕ್ಕೆ ಇನ್ನೊಂದರ ಮೇಲೆ ಹೊದ್ದುಕೊಂಡಿರುತ್ತದೆ, ನಡುವೆ ನೇರ ಗೆರೆ ಇರುವುದಿಲ್ಲ. ನನ್ನ ಮಟ್ಟಿಗೆ ಚುಕ್ಕಿಗಿಂತ ಈ ಗೆರೆಯೇ ನಂಬಿಕೆಯ ಗುರುತು. ಸಗಣಿ ಹುಳವನ್ನು ಮೀಸೆಯಲ್ಲೇ ಹಿಡಿಯಬಹುದು. ಅದರ ಮೀಸೆ ಗಿಡ್ಡ, ತುದಿ ಗುಂಡಗೆ. ನೆಲದ ದುಂಬಿಯದು ದಾರದ ಹಾಗೆ ಉದ್ದ.

ನೆಲದ ದುಂಬಿಯನ್ನು ಕೈಯಲ್ಲಿ ಮಾತ್ರ ಹಿಡಿಯಬೇಡಿ. ಹೆದರಿದರೆ ಹಿಂಭಾಗದಿಂದ ಉರಿಯುವ ಆಮ್ಲ ಚಿಮ್ಮಿಸುತ್ತದೆ. ಫೋಟೊಗೆ ಅಂತ ಸುಮ್ನೆ ಮುಖ ಹತ್ತಿರ ಒಯ್ಯುವುದೂ ಬೇಡ. ಆಮ್ಲ ಕಣ್ಣಿಗೆ ಸಿಡಿದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿ. ಹಾಗಂತ ಹೊಸಕಿ ಹಾಕಬೇಡಿ, ಬೇರೆ ಹುಳಗಳನ್ನು ತಿಂದು ಬದುಕುವ ಪ್ರಾಣಿ ಅದು.