ಸೋಡಾ ಬಾಟಲಿಯಲ್ಲಿ ಟೈಟನ್ ಗಾಳಿ

ಶನಿಯ ಚಂದ್ರ ಟೈಟನ್‌ನ ಗಾಳಿ ಎಷ್ಟು ದಟ್ಟ ಅನ್ನೋದನ್ನ ಪಿಯು ಮಕ್ಕಳ ಕೈಗೇ ಕೊಟ್ಟು ತೋರಿಸ್ತೀನಿ ಅಂದಾಗ ಸ್ಟಾಫ್ ರೂಮಲ್ಲಿ ನಕ್ಕಿದ್ದೇ ನಕ್ಕಿದ್ದು. "ಚಿಕ್ಕಮಗಳೂರಲ್ಲಿ ಕೂತು ಶನಿ ಕಾಟ ಯಾಕೆ ಹಚ್ಕೋತೀರಾ ಸಾರ್?" ಅಂದ್ರು ಕೆಮಿಸ್ಟ್ರಿಯವರು.

ಲೆಕ್ಕ ಸರಳ: ಒತ್ತಡ, ಉಷ್ಣತೆ, ಅಣುತೂಕ ಗೊತ್ತಿದ್ದರೆ ಅನಿಲದ ಸಾಂದ್ರತೆ, ಅಂದ್ರೆ ಒಂದು ಘನ ಮೀಟರಿನಲ್ಲಿ ಎಷ್ಟು ಕೆಜಿ ಅನ್ನೋದು, ಸಿಗುತ್ತೆ. 2005ರ ಜನವರಿಯಲ್ಲಿ ಅಲ್ಲಿ ಇಳಿದ ಹ್ಯೂಗೆನ್ಸ್ ನೌಕೆ ಕೊಟ್ಟ ಒತ್ತಡ ಸುಮಾರು 147 ಕಿಲೋಪ್ಯಾಸ್ಕಲ್, ಉಷ್ಣತೆ 94 ಕೆಲ್ವಿನ್ (ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್). ನೈಟ್ರೋಜನ್ ಶೇ. 95, ಉಳಿದದ್ದು ಮೀಥೇನ್ ಅಂತ ಹಿಡಿದರೆ ಅಣುತೂಕ 27.4. ಘನ ಮೀಟರಿಗೆ 5.1 ಕೆಜಿ ಚಿಲ್ಲರೆ ಬರುತ್ತೆ. ಮಕ್ಕಳು ಬರ್ಕೋತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ.

ನಾನು ಉಲ್ಟಾ ಲೆಕ್ಕ ಹಾಕಿದೆ: ನಮ್ಮ ಊರಿನ ಗಾಳಿಯನ್ನೇ ಎಷ್ಟು ತುಂಬಿದರೆ ಅಷ್ಟು ದಟ್ಟ ಆಗುತ್ತೆ? ಗೇಜಿನಲ್ಲಿ 50 ಪಿಎಸ್‌ಐ. ಸ್ಕೂಟರ್ ಟೈರಿನ ಹೆಚ್ಚುಕಮ್ಮಿ ಒಂದೂವರೆ ಪಟ್ಟು, ಅಷ್ಟೇ!

ದುಡ್ಡು ಹಾಳಾಗಿದ್ದು ಇಲ್ಲಿಂದ. ಲ್ಯಾಬ್ ಸಾಮಾನಿನವರು ಸ್ಟೀಲ್ ಪಾತ್ರೆಗೆ ಹೇಳಿದ ರೇಟು ಹದಿನೆಂಟು ಸಾವಿರದ ಹತ್ತಿರ. ಬೇಡ ಅಂತ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ ತಗೊಂಡು, ಮುಚ್ಚಳಕ್ಕೆ ತೂತು ಕೊರೆದು, ಪಂಕ್ಚರ್ ಅಂಗಡಿಯ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿದೆ. ಮೂವತ್ತು ಪಿಎಸ್‌ಐ ದಾಟಿದ ಕೂಡಲೇ ವಾಲ್ವ್ ಬುಡದಲ್ಲಿ ಸುಯ್ ಅಂತ ಸೋರಿಕೆ. ಎಂ-ಸೀಲ್ ಬಿಟ್ಟುಬಂತು, ಫೆವಿಕ್ವಿಕ್ ಒಡೀತು. ಕೊನೆಗೆ ವಾಷರ್ ಕೆಳಗೆ ಏನಿಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ, ಅಡುಗೆಮನೆಯಲ್ಲೇ ಸಿಗುತ್ತೆ. ತಕ್ಕಡಿ 0.01 ಗ್ರಾಂ ತೋರಿಸೋದು, ಏಳೆಂಟು ನೂರು ರೂಪಾಯಿ ಆಯ್ತು. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತೆ. ಮಳೆಗಾಲದಲ್ಲಂತೂ ಬಾಟಲಿ ಮೈಗೆ ಕೂತ ತೇವವೇ ಲೆಕ್ಕ ಕೆಡಿಸುತ್ತೆ.

50ಕ್ಕೆ ತುಂಬಿ, ತಣ್ಣಗಾಗಲು ಬಿಟ್ಟು, ಮತ್ತೆ 50ಕ್ಕೆ ತಂದು ತೂಗಿದರೆ ಖಾಲಿಗಿಂತ 8 ಗ್ರಾಂ ಚಿಲ್ಲರೆ ಹೆಚ್ಚು. ಮೊದಲೇ ಒಳಗಿದ್ದ 2 ಗ್ರಾಂ ಗಾಳಿ ತಕ್ಕಡಿಗೆ ಸಿಗಲ್ಲ, ಸುತ್ತಲಿನ ಗಾಳಿಯೇ ಅದನ್ನ ಎತ್ತಿಹಿಡಿದಿರುತ್ತೆ. ಕೂಡಿಸಿ ಎರಡು ಲೀಟರಿಗೆ ಹಂಚಿದರೆ 5.1. ಕೆಮಿಸ್ಟ್ರಿಯವರು ತಾವೇ ಮತ್ತೆ ತೂಗಿ ನೋಡಿದರು.

ಅವರ ತಕರಾರೊಂದು ನ್ಯಾಯವೇ. 94 ಕೆಲ್ವಿನ್ನಲ್ಲಿ ನೈಟ್ರೋಜನ್ ದ್ರವವಾಗೋ ಹತ್ತಿರ ಇರುತ್ತೆ, ಆದರ್ಶ ಅನಿಲದ (ಅಣುಗಳು ಒಂದನ್ನೊಂದು ಸೆಳೆಯಲ್ಲ ಅಂತ ನಮ್ಮ ಲೆಕ್ಕ ಹಿಡಿಯೋ ಅನಿಲ) ಹಾಗೆ ನಡ್ಕೊಳ್ಳಲ್ಲ. ನಿಜವಾದ ಸಾಂದ್ರತೆ ಶೇ. 3–4ರಷ್ಟು ಹೆಚ್ಚು. ನನ್ನ ಗೇಜಿನ ಮುಳ್ಳೇ ಅಷ್ಟು ಅಲ್ಲಾಡುತ್ತೆ!

ಇದೇ ಗುಂಗಲ್ಲಿ ಇನ್ನೊಂದು ಬಾಟಲಿ ಮುಳ್ಳಯ್ಯನಗಿರಿಗೆ ಒಯ್ದು, ತುದಿಯಲ್ಲಿ ತೆರೆದು ಮುಚ್ಚಿ ತಂದೆ. ಬೆಟ್ಟದ ಕೆಳಗಿನ ಕೈಮರ ತಲುಪೋ ಹೊತ್ತಿಗೆ ಪಕ್ಕೆ ಒಳಗೆ ಹೋಗಿತ್ತು. ಮೇಲೆ ಒತ್ತಡ ಕಡಿಮೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಾಡೋರು ಸೋಡಾ, ಕೂಲ್‌ಡ್ರಿಂಕ್ ಬಾಟಲಿಯನ್ನೇ ತಗೊಳ್ಳಿ, ನೀರಿನ ಬಾಟಲಿ ಬೇಡ. ಗೀರು ಬಿದ್ದದ್ದನ್ನ ಎಸೆದುಬಿಡಿ. ತುಂಬೋವಾಗ ದಪ್ಪ ಟವೆಲ್ ಸುತ್ತಿ.